ಹೈಡ್ರೋಜನ್ ಹಡಗಿನ ಪವರ್ ಇಳಿದಾಗ: ಫ್ಯುಯೆಲ್ ಸೆಲ್ ದೋಷ ಪತ್ತೆ ಹಚ್ಚುವ ಕೈಪಿಡಿ

ದೂರು ಬಹುತೇಕ ಒಂದೇ ಮಾತಿನಲ್ಲಿ ಬರುತ್ತದೆ: "ಸ್ಟ್ಯಾಕ್ ಹೋಗಿದೆ." 50 ಕಿಲೋವ್ಯಾಟ್ ಕೇಳಿದರೆ 35ಕ್ಕೆ ನಿಂತುಬಿಡುತ್ತದೆ, ಅಥವಾ ಜೆಟ್ಟಿ ಬಿಟ್ಟು ಹತ್ತು ನಿಮಿಷಕ್ಕೆ ಟ್ರಿಪ್ ಆಗುತ್ತದೆ. ಸ್ಟ್ಯಾಕ್ ಅಂದರೆ ಹೈಡ್ರೋಜನ್ನನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸಿ ವಿದ್ಯುತ್ ಹುಟ್ಟಿಸುವ ಫ್ಯುಯೆಲ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದ ಕಟ್ಟು, ಇಡೀ ವ್ಯವಸ್ಥೆಯಲ್ಲಿ ಅತಿ ದುಬಾರಿ ಭಾಗ. ಅದನ್ನು ಬಿಚ್ಚಿ ಕಾರ್ಖಾನೆಗೆ ಕಳಿಸಿದರೆ ದೋಣಿ ವಾರಗಟ್ಟಲೆ ದಡದಲ್ಲಿ ಕೂರುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಸ್ಟ್ಯಾಕ್ ಕೊನೆಯ ಅನುಮಾನ. ಅದಕ್ಕೆ ಗಾಳಿ ಸಿಗುತ್ತಿದೆಯೇ, ನೀರಿನ ಹದ ಸರಿಯಿದೆಯೇ, ಶುದ್ಧ ಹೈಡ್ರೋಜನ್ ಬರುತ್ತಿದೆಯೇ, ಶಾಖ ಹೊರಹೋಗುತ್ತಿದೆಯೇ ಎನ್ನುವುದು ಮೊದಲು.

ಇಲ್ಲಿ ಹೇಳುವುದೆಲ್ಲ ಪ್ರೋಟಾನ್ ವಿನಿಮಯ ಪೊರೆಯ, ಅಂದರೆ ಪೆಮ್ ಬಗೆಯ ಫ್ಯುಯೆಲ್ ಸೆಲ್ಲಿಗೆ ಅನ್ವಯ. ಇದರಲ್ಲಿ ಹೈಡ್ರೋಜನ್ ಬದಿ ಮತ್ತು ಗಾಳಿ ಬದಿಯ ನಡುವೆ ತೆಳು ಪೊರೆಯೊಂದು ಇರುತ್ತದೆ. ಈಗ ಓಡುತ್ತಿರುವ ಹೈಡ್ರೋಜನ್ ಪ್ರಯಾಣಿಕ ಹಡಗುಗಳಲ್ಲಿ ಹೆಚ್ಚಿನವು ಇದನ್ನೇ ಬಳಸುತ್ತವೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ 2024ರ ಜುಲೈನಿಂದ ಜನರನ್ನು ಸಾಗಿಸಿದ 75 ಆಸನಗಳ 'ಸೀ ಚೇಂಜ್', ನಾರ್ವೆಯ 'ಹೈಡ್ರಾ', ಕೊಚ್ಚಿ ಹಡಗುಕಟ್ಟೆ ವಾರಾಣಸಿಯ ಗಂಗೆಗೆಂದು ಕಟ್ಟಿದ, 24 ಮೀಟರ್ ಉದ್ದದ, 50 ಜನ ಕೂರುವ ಜೋಡಿ ಒಡಲಿನ ದೋಣಿ ಎಲ್ಲವೂ ಈ ಜಾತಿಯವೇ. ಲೆಕ್ಕಗಳನ್ನು 50 ಕಿಲೋವ್ಯಾಟ್ ಘಟಕಕ್ಕೆ ಕೊಟ್ಟಿದ್ದೇವೆ. ನಿಮ್ಮದು 200 ಆದರೆ ನಾಲ್ಕರಿಂದ ಗುಣಿಸಿಕೊಳ್ಳಿ.

ಕೈ ಹಾಕುವ ಮೊದಲು

ಲಾಗ್ ಫೈಲನ್ನು ಮೊದಲು ಇಳಿಸಿಕೊಳ್ಳಿ. ಎಷ್ಟೋ ಕಂಟ್ರೋಲರ್‌ಗಳು ರೀಸೆಟ್ ಒತ್ತಿದೊಡನೆ ಟ್ರಿಪ್ ಆದ ಕ್ಷಣದ ದಾಖಲೆಯ ಮೇಲೆ ಹೊಸದನ್ನು ಬರೆಯುತ್ತವೆ. ಆಮೇಲೆ ನೀವು ಕಣ್ಣು ಕಟ್ಟಿಕೊಂಡು ಹುಡುಕಬೇಕಾಗುತ್ತದೆ.

ಪೈಪ್ ಬಿಚ್ಚುವ ಕೆಲಸವಿದ್ದರೆ ಟ್ಯಾಂಕ್ ವಾಲ್ವ್ ಮುಚ್ಚಿ, ಲೈನಿನ ಒತ್ತಡವನ್ನು ವೆಂಟ್ ಕಂಬದ ಮೂಲಕವೇ ಬಿಡಿ, ನೈಟ್ರೋಜನ್ ಹಾಯಿಸಿ, ನಂತರವೇ ಸ್ಪ್ಯಾನರ್ ಹಿಡಿಯಿರಿ. ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಿಂದಲೇ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದ ಕಿಡಿ ಸುಮಾರು 0.02 ಮಿಲಿಜೂಲ್ ಮಾತ್ರ, ಬಟ್ಟೆ ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತೇ ಸಾಕು. ಅದರ ಜ್ವಾಲೆ ಹಗಲಿನಲ್ಲಿ ಹೆಚ್ಚುಕಡಿಮೆ ಕಾಣಿಸುವುದಿಲ್ಲ. ಸೋರಿಕೆ ಶಂಕೆ ಇರುವ ಕಡೆ ಥರ್ಮಲ್ ಕ್ಯಾಮೆರಾ ಮುಂದಿಟ್ಟುಕೊಂಡೇ ಹೋಗಿ, ಬರಿಗೈ ಚಾಚಬೇಡಿ. ಸ್ಟ್ಯಾಕ್ ನಿಂತ ಮೇಲೂ ಒಳಗೆ ಉಳಿದ ಅನಿಲದಿಂದ ನೂರಾರು ವೋಲ್ಟ್ ಇರುತ್ತದೆ. ಮೀಟರ್ ಹಿಡಿದು 60 ವೋಲ್ಟಿಗಿಂತ ಕೆಳಗೆ ಬಂದಿದೆ ಎಂದು ಖಾತ್ರಿಯಾಗದೆ ಟರ್ಮಿನಲ್ ಕವಚ ತೆಗೆಯಬೇಡಿ.

ಆರೋಗ್ಯವಾಗಿದ್ದರೆ ಎಷ್ಟಿರಬೇಕು

50 ಕಿಲೋವ್ಯಾಟ್ ಕೊಡುವಾಗ ಒಟ್ಟು ದಕ್ಷತೆ ಶೇ. 50 ಎಂದುಕೊಂಡರೆ ಗಂಟೆಗೆ 3 ಕಿಲೋ ಹೈಡ್ರೋಜನ್ ಬೇಕು. ಅದಕ್ಕೆ ಗಂಟೆಗೆ ಸುಮಾರು 170 ಘನ ಮೀಟರ್ ಗಾಳಿ ಹೋಗಬೇಕು. ಇದು ರಾಸಾಯನಿಕವಾಗಿ ಬೇಕಾದ್ದರ ಎರಡು ಪಟ್ಟು, ಸಾಮಾನ್ಯವಾಗಿ ಅಷ್ಟನ್ನೇ ಹಾಯಿಸುತ್ತಾರೆ. ಗಂಟೆಗೆ 27 ಲೀಟರ್ ನೀರು ಹುಟ್ಟುತ್ತದೆ, ಒಂದಿಷ್ಟು ಆವಿಯಾಗಿ, ಉಳಿದದ್ದು ಹನಿಯಾಗಿ. ವಿದ್ಯುತ್ತಿನಷ್ಟೇ, ಅಂದರೆ 50 ಕಿಲೋವ್ಯಾಟ್ ಹತ್ತಿರ ಶಾಖವೂ ಹುಟ್ಟುತ್ತದೆ. ಕೂಲೆಂಟ್ (ತಂಪು ಮಾಡುವ ದ್ರವ) ಒಳಹೋಗುವಾಗಿನ ಮತ್ತು ಹೊರಬರುವಾಗಿನ ಉಷ್ಣತೆಯ ವ್ಯತ್ಯಾಸವನ್ನು 10 ಡಿಗ್ರಿಗೆ ಹಿಡಿದಿಡಲು ನಿಮಿಷಕ್ಕೆ 70 ಲೀಟರಿಗಿಂತ ಹೆಚ್ಚು ಹರಿಯಬೇಕು. ಒಂದೊಂದು ಸೆಲ್ಲಿನ ವೋಲ್ಟೇಜ್ ಲೋಡ್ ಇಲ್ಲದಾಗ 0.95ರ ಆಸುಪಾಸು, ಪೂರ್ತಿ ಲೋಡಿನಲ್ಲಿ 0.6ರಿಂದ 0.7.

ಈ ಐದಾರು ಅಂಕಿಗಳನ್ನು ಎಂಜಿನ್ ರೂಮಿನ ಗೋಡೆಗೆ ಬರೆದು ಅಂಟಿಸಿ. ತಪ್ಪಿದ್ದೇನೆಂದು ತಿಳಿಯಬೇಕಾದರೆ ಸರಿಯಾದದ್ದು ಕಣ್ಣೆದುರಿಗೆ ಇರಬೇಕು.

ಸೆಲ್ ವೋಲ್ಟೇಜಿನ ಚಿತ್ರ ಓದುವುದು

ಒಟ್ಟು ವೋಲ್ಟೇಜ್ ನೋಡಿ ಏನೂ ತಿಳಿಯದು. ಸೆಲ್‌ವಾರು ಗ್ರಾಫ್ ತೆರೆಯಿರಿ, ಕಳೆದ ಅರ್ಧ ಗಂಟೆಯದು.

ಎಲ್ಲ ಸೆಲ್ಲುಗಳೂ ಸಾಲಾಗಿ, ಸಮನಾಗಿ ಇಳಿದಿವೆ ಎಂದರೆ ಸ್ಟ್ಯಾಕಿಗೆ ಹೊರಗಿನಿಂದ ಬರುವ ಯಾವುದೋ ಒಂದು ಕಡಿಮೆಯಾಗಿದೆ ಇಲ್ಲವೇ ಕೆಟ್ಟಿದೆ: ಗಾಳಿ, ಇಂಧನದ ಶುದ್ಧತೆ, ಅಥವಾ ಪೊರೆ ಒಣಗುತ್ತಿದೆ. ಮೂರು ನಾಲ್ಕು ಸೆಲ್ಲುಗಳು ಮಾತ್ರ ಜೋತು ಬಿದ್ದು, ಏರುತ್ತಾ ಇಳಿಯುತ್ತಾ ಇದ್ದರೆ ನೀರು ಕಟ್ಟಿಕೊಂಡಿದೆ. ಸ್ಟ್ಯಾಕಿನ ತುದಿಯ ಸೆಲ್ಲುಗಳು ಉಳಿದವುಗಳಿಗಿಂತ ತಂಪಾಗಿರುವುದರಿಂದ ಇದು ಅಲ್ಲಿಂದಲೇ ಶುರುವಾಗುವುದು ಹೆಚ್ಚು. ಗರಗಸದ ಹಲ್ಲಿನಂತೆ ನಿಧಾನವಾಗಿ ಇಳಿದು ಥಟ್ಟನೆ ಮೇಲೇರುವ ಗೆರೆ ಕಂಡರೆ ಹೈಡ್ರೋಜನ್ ಬದಿಯಲ್ಲಿ ಸೇರಿಕೊಂಡ ಬೇರೆ ಅನಿಲವನ್ನು ಹೊರಬಿಡುವ ಪರ್ಜ್ ವಾಲ್ವಿನ ಕಡೆ ಹೋಗಿ. ಒಂದೇ ಸೆಲ್ ಯಾವಾಗಲೂ ಕೆಳಗೆ, ಲೋಡ್ ಇಲ್ಲದಾಗಲೂ ಕೆಳಗೆ ಇದ್ದರೆ ಮಾತ್ರ ಸ್ಟ್ಯಾಕಿನ ಒಳಗಿನ ದೋಷವನ್ನು ಶಂಕಿಸಬಹುದು. ಆಗಲೂ ಆ ಸೆಲ್ಲಿನ ವೋಲ್ಟೇಜ್ ಅಳೆಯುವ ತಂತಿಯ ಪಿನ್ ಸಡಿಲವಾಗಿಲ್ಲವೇ ನೋಡಿ. ಪಿನ್ ಸಡಿಲವಾದರೆ ಒಂದು ಸೆಲ್ ಎಷ್ಟು ಇಳಿದಂತೆ ಕಾಣುತ್ತದೋ ಪಕ್ಕದ್ದು ಅಷ್ಟೇ ಏರಿದಂತೆ ಕಾಣುತ್ತದೆ. ಈ ಜೋಡಿ ಕಂಡರೆ ಅದು ತಂತಿಯ ದೋಷ.

ಯಾವುದಾದರೂ ಸೆಲ್ ಸೊನ್ನೆಗಿಂತ ಕೆಳಗೆ ಹೋದರೆ ಪತ್ತೆದಾರಿಕೆ ನಿಲ್ಲಿಸಿ, ಲೋಡ್ ತೆಗೆಯಿರಿ. ಹೈಡ್ರೋಜನ್ ಸಿಗದ ಸೆಲ್ಲಿನ ಮೂಲಕ ಪಕ್ಕದ ಸೆಲ್ಲುಗಳು ಕರೆಂಟನ್ನು ಬಲವಂತವಾಗಿ ತಳ್ಳುತ್ತವೆ. ಆಗ ರಾಸಾಯನಿಕ ಕ್ರಿಯೆ ನಡೆಸುವ ಪ್ಲ್ಯಾಟಿನಮ್ಮನ್ನು ಹೊತ್ತ ಇಂಗಾಲವೇ ಸುಟ್ಟುಹೋಗುತ್ತದೆ. ಈ ಹಾನಿಗೆ ದುರಸ್ತಿ ಇಲ್ಲ.

ಗಾಳಿ

ಹಡಗಿನಲ್ಲಿ ತೊಂದರೆ ಅತಿ ಹೆಚ್ಚು ಹುಟ್ಟುವುದು ಇಲ್ಲಿ. ಬಸ್ಸಿಗಿಂತ ಹಡಗಿನ ಫ್ಯುಯೆಲ್ ಸೆಲ್ ಬೇರೆಯಾಗುವುದೂ ಇಲ್ಲಿಯೇ.

ಮೊದಲು ಗಾಳಿ ತಳ್ಳುವ ಬ್ಲೋವರಿನ ವೇಗ ಮತ್ತು ಗಾಳಿಯ ಹರಿವು ಎರಡನ್ನೂ ಒಟ್ಟಿಗೆ ನೋಡಿ. ವೇಗ ಎಂದಿನಂತಿದ್ದು ಹರಿವು ಕಡಿಮೆ ಇದ್ದರೆ ಫಿಲ್ಟರ್ ಕಟ್ಟಿದೆ. ವೇಗ ಮತ್ತು ಹರಿವು ಎರಡೂ ಸರಿಯಿದ್ದು ಸ್ಟ್ಯಾಕಿನ ಬಾಯಲ್ಲಿ ಒತ್ತಡ ಕಡಿಮೆ ಇದ್ದರೆ ಬ್ಲೋವರಿನಿಂದ ಸ್ಟ್ಯಾಕಿಗೆ ಹೋಗುವ ಹೋಸಿನಲ್ಲಿ ಸೋರಿಕೆ. ಕಂಪನಕ್ಕೆ ಕ್ಲ್ಯಾಂಪ್ ಸಡಿಲವಾಗುವುದು ಮಾಮೂಲು. ಕೈಯನ್ನು ಹೋಸಿನ ಸುತ್ತ ಒಂದು ಸುತ್ತು ಆಡಿಸಿದರೆ ಬಿಸಿಗಾಳಿ ತಾಗುತ್ತದೆ.

ಫಿಲ್ಟರ್ ಎರಡು ಪದರದ್ದು. ಧೂಳು ಹಿಡಿಯುವ ಪದರ ಕಟ್ಟಿದರೆ ಅದರ ಎರಡು ಬದಿಯ ಒತ್ತಡದ ವ್ಯತ್ಯಾಸ ಏರಿ ತಾನೇ ಹೇಳುತ್ತದೆ. ಅನಿಲ ಹೀರುವ ಸಕ್ರಿಯ ಇಂಗಾಲದ ಪದರ ಹಾಗಲ್ಲ. ಅದು ತುಂಬಿಹೋದರೂ ಗಾಳಿ ಸರಾಗವಾಗಿ ಹೋಗುತ್ತಿರುತ್ತದೆ, ಗೇಜಿನಲ್ಲಿ ಏನೂ ಕಾಣದು. ಆದರೆ ಹಿಡಿಯಬೇಕಾದ ಗಂಧಕದ ಡೈಆಕ್ಸೈಡ್ ಈಗ ನೇರ ಪ್ಲ್ಯಾಟಿನಮ್ ಮೇಲೆ ಕೂರುತ್ತದೆ. ದಶಲಕ್ಷಕ್ಕೆ ಒಂದು ಭಾಗದಷ್ಟಿದ್ದರೂ ವೋಲ್ಟೇಜ್ ಎದ್ದು ಕಾಣುವಷ್ಟು ಇಳಿಯುತ್ತದೆ, ಶುದ್ಧ ಗಾಳಿ ಕೊಟ್ಟ ಮಾತ್ರಕ್ಕೆ ಪೂರ್ತಿ ವಾಪಸು ಬರುವುದೂ ಇಲ್ಲ. ಡೀಸೆಲ್ ಹೊಗೆಯ ಸಾರಜನಕ ಆಕ್ಸೈಡುಗಳಿಂದ ಇಳಿದದ್ದಾದರೆ ಶುದ್ಧ ಗಾಳಿಯಲ್ಲಿ ಕೆಲವು ಗಂಟೆ ಓಡಿಸಿದರೆ ಬಹುಮಟ್ಟಿಗೆ ಚೇತರಿಸುತ್ತದೆ. ಆದ್ದರಿಂದ ಇಂಗಾಲದ ಪದರವನ್ನು ಗೇಜ್ ನೋಡಿ ಬದಲಿಸಬೇಡಿ, ಗಂಟೆ ಲೆಕ್ಕದಲ್ಲಿ ಬದಲಿಸಿ. ಡೀಸೆಲ್ ದೋಣಿಗಳ ನಡುವೆ ನಿಲ್ಲುವ ಜೆಟ್ಟಿಯಾದರೆ ತಯಾರಕರು ಹೇಳಿದ ಗಂಟೆಯ ಅರ್ಧಕ್ಕೇ ಬದಲಿಸಿ ಎನ್ನುವುದು ನಮ್ಮ ಸಲಹೆ.

ಹೊಗೆಯೇ ಕಾರಣವೇ ಎಂದು ತಿಳಿಯಲು ಸುಲಭ ದಾರಿಯಿದೆ. ಸೆಲ್ ವೋಲ್ಟೇಜಿನ ಗೆರೆಯನ್ನು ಜಿಪಿಎಸ್ ದಾಖಲೆಯ ಪಕ್ಕ ಇಡಿ. ಪ್ರತಿ ಸಲ ಅದೇ ಜೆಟ್ಟಿಯಲ್ಲಿ, ಅದೇ ಘಾಟಿನ ಎದುರು ಇಳಿತ ಶುರುವಾಗುತ್ತಿದ್ದರೆ ಅನುಮಾನ ಉಳಿಯದು. ವಾರಾಣಸಿಯಂಥ ಊರಲ್ಲಿ ಚಿತೆಯ ಹೊಗೆ, ಚಳಿಗಾಲದ ಮಬ್ಬು, ಎಂಜಿನ್ ದೋಣಿಗಳ ಹೊಗೆ ಎಲ್ಲವೂ ನೀರಿನ ಮೇಲೆಯೇ ತೂಗಾಡುತ್ತಿರುತ್ತವೆ. ಗಾಳಿ ಎಳೆಯುವ ಬಾಯಿಯನ್ನು ಎತ್ತರಕ್ಕೆ, ಪಕ್ಕದ ದೋಣಿ ಬಂದು ನಿಲ್ಲುವ ಕಡೆಯ ವಿರುದ್ಧ ಬದಿಗೆ ತಿರುಗಿಸಿದರೆ ಅರ್ಧ ಕೆಲಸ ಮುಗಿದಂತೆ.

ಸಮುದ್ರದಲ್ಲಿ ಓಡುವುದಾದರೆ ಉಪ್ಪು ಇನ್ನೊಂದು ಶತ್ರು. ಉಪ್ಪಿನ ಕ್ಲೋರೈಡ್ ಪ್ಲ್ಯಾಟಿನಮ್ಮನ್ನು ಕರಗಿಸುತ್ತದೆ. ಸೋಡಿಯಂ ಪೊರೆಯೊಳಗೆ ಸೇರಿ ಪ್ರೋಟಾನ್ ಓಡಾಡುವ ಜಾಗ ಹಿಡಿದು ಕೂರುತ್ತದೆ, ಅದನ್ನು ಹೊರತೆಗೆಯುವುದು ಹಡಗಿನಲ್ಲಿ ಆಗದ ಕೆಲಸ. ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದು ಶುದ್ಧ ಗಾಳಿಯ ಬದಿಯನ್ನು, ಅಂದರೆ ಫಿಲ್ಟರ್ ದಾಟಿದ ಮೇಲಿನ ಗೋಡೆಯನ್ನು ಒಣ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯ ಮೇಲೆ ಬಿಳಿ ಪುಡಿ ಹತ್ತಿದರೆ, ಗೋಡೆ ಬೆರಳಿಗೆ ಅಂಟಂಟಾಗಿ ತಾಗಿದರೆ ತುಂತುರು ಒಳಗೆ ದಾಟುತ್ತಿದೆ. ಫಿಲ್ಟರ್ ಅಂಚಿನ ರಬ್ಬರ್ ಕೂತಿದೆಯೇ, ಮುಂದಿನ ತೇವ ಬೇರ್ಪಡಿಸುವ ಜಾಲರಿಯ ಕೆಳಗಿನ ನೀರು ಹರಿಯುವ ತೂತು ಕಟ್ಟಿಲ್ಲವೇ ನೋಡಿ. ಉಪ್ಪು ಗಟ್ಟಿಯಾಗಿ ಆ ಸಣ್ಣ ತೂತು ಮುಚ್ಚಿಹೋದರೆ ನಿಂತ ಉಪ್ಪುನೀರನ್ನು ಬ್ಲೋವರ್ ತಾನೇ ಎಳೆದುಕೊಳ್ಳುತ್ತದೆ.

ನೀರಿನ ಹದ

ಪೊರೆ ಒದ್ದೆಯಾಗಿರಬೇಕು, ಸೆಲ್ಲಿನೊಳಗೆ ಅನಿಲ ಹರಿಯುವ ನಾಳಗಳು ಮಾತ್ರ ತೆರೆದಿರಬೇಕು. ಎರಡರಲ್ಲಿ ಯಾವ ಕಡೆ ತಪ್ಪಿದೆ ಎಂದು ತಿಳಿಯಲು ಸ್ಟ್ಯಾಕಿನ ಗಾಳಿ ಬದಿಯಲ್ಲಿ ಒಳಹೋಗುವ ಮತ್ತು ಹೊರಬರುವ ಕಡೆಗಳ ಒತ್ತಡದ ವ್ಯತ್ಯಾಸವೇ ನಂಬಿಕಸ್ತ ಸಾಕ್ಷಿ. ವ್ಯತ್ಯಾಸ ಏರುತ್ತಿದ್ದು ಸೆಲ್ಲುಗಳು ತಾಳ ತಪ್ಪಿ ಕುಣಿಯುತ್ತಿದ್ದರೆ ನೀರು ತುಂಬಿದೆ. ವ್ಯತ್ಯಾಸ ಎಂದಿನಂತೆ ಇದ್ದು ಅಥವಾ ಇಳಿದು, ಎಲ್ಲ ಸೆಲ್ಲುಗಳೂ ನಿಧಾನವಾಗಿ ಇಳಿಯುತ್ತಿದ್ದು, ಸ್ಟ್ಯಾಕಿನ ರೋಧ ಏರುತ್ತಿದ್ದರೆ ಒಣಗಿದೆ.

ಖಾತ್ರಿ ಮಾಡಿಕೊಳ್ಳುವ ಕ್ರಮ:

1. ಲೋಡನ್ನು ಅರ್ಧಕ್ಕೆ ಇಳಿಸಿ ಐದು ನಿಮಿಷ ಕಾಯಿರಿ.
2. ಗಾಳಿಯನ್ನು ಕಾಲು ಭಾಗ ಹೆಚ್ಚಿಸಿ, ಎರಡು ನಿಮಿಷ ನೋಡಿ. ಬಿದ್ದ ಸೆಲ್ಲುಗಳು ಎದ್ದರೆ ನೀರು ತುಂಬಿತ್ತು. ಇನ್ನಷ್ಟು ಬಿದ್ದರೆ ಒಣಗಿತ್ತು, ಗಾಳಿಯನ್ನು ಕೂಡಲೇ ಹಿಂದಕ್ಕೆ ತನ್ನಿ.
3. ಒಣಗಿದ್ದರೆ ಕೂಲೆಂಟ್ ಉಷ್ಣತೆಯನ್ನು 5 ಡಿಗ್ರಿ ಇಳಿಸಿ. ಹತ್ತು ಹದಿನೈದು ನಿಮಿಷದಲ್ಲಿ ಚೇತರಿಕೆ ಕಾಣಬೇಕು.

ಚೇತರಿಸಿತೆಂದು ಅಲ್ಲಿಗೆ ಬಿಡಬೇಡಿ. ನೀರು ತುಂಬಲು ಕಾರಣ ಗಂಟೆಗಟ್ಟಲೆ ಕಡಿಮೆ ಲೋಡಿನಲ್ಲಿ ತಣ್ಣಗೆ ಓಡಿಸಿದ್ದೋ, ತೆರೆದೇ ಉಳಿದ ಥರ್ಮೋಸ್ಟಾಟ್ ವಾಲ್ವೋ, ಹೊರನಾಳದಲ್ಲಿ ತಗ್ಗು ಬಿದ್ದ ಹೋಸೋ ಇರಬೇಕು. ತಗ್ಗಿನ ಹೋಸನ್ನು ತುಂಬಾ ಜನ ಮರೆಯುತ್ತಾರೆ. ಗಂಟೆಗೆ 27 ಲೀಟರ್ ನೀರು ಹುಟ್ಟುವ ಯಂತ್ರದ ಹೊರನಾಳ ಉದ್ದಕ್ಕೂ ಇಳಿಜಾರಾಗಿರಬೇಕು. ದೋಣಿ ಜನ ತುಂಬಿ ಒಂದು ಬದಿಗೆ ವಾಲಿದಾಗಲೂ ಇಳಿಜಾರು ಉಳಿಯಬೇಕು. ಒಣಗಲು ಕಾರಣ ಸಾಮಾನ್ಯವಾಗಿ ಒಳಬರುವ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರಿನ ಒಳ ಸೋರಿಕೆ ಅಥವಾ ಅತಿಯಾದ ಬಿಸಿ.

ಹೈಡ್ರೋಜನ್ ಬದಿ

ಗಾಳಿಯ ಬದಿಯಿಂದ ನೈಟ್ರೋಜನ್ ಪೊರೆ ದಾಟಿ ಹೈಡ್ರೋಜನ್ ಬದಿಗೆ ಜಿನುಗುತ್ತಲೇ ಇರುತ್ತದೆ. ಅದನ್ನು ಹೊರದೂಡಲು ಪರ್ಜ್ ವಾಲ್ವ್ ಆಗಾಗ ಕ್ಷಣಕಾಲ ತೆರೆಯುತ್ತದೆ. ವಾಲ್ವಿಗೆ ಕಿವಿಗೊಟ್ಟು ನಿಂತರೆ 'ಟಕ್' ಎಂಬ ಸದ್ದಿನ ಹಿಂದೆಯೇ 'ಸುಸ್' ಎಂದು ಅನಿಲ ಹೋಗುವ ಸದ್ದು ಕೇಳಬೇಕು. ಟಕ್ ಮಾತ್ರ ಕೇಳಿ ಸುಸ್ ಕೇಳದಿದ್ದರೆ ಕಾಯಿಲ್ ಚೆನ್ನಾಗಿದೆ, ವಾಲ್ವಿನ ಬಾಯಿ ನೀರಿನಿಂದಲೋ ಕಸದಿಂದಲೋ ಕಟ್ಟಿದೆ. ಟಕ್ ಕೂಡ ಇಲ್ಲವೆಂದರೆ ಕಾಯಿಲ್ ಅಥವಾ ವೈರಿಂಗ್. ಸುಸ್ ನಿಲ್ಲುವುದೇ ಇಲ್ಲವೆಂದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ. ಆಗ ಪವರ್ ಚೆನ್ನಾಗಿಯೇ ಇರುತ್ತದೆ, ಆದರೆ ಇಂಧನ ಪೋಲಾಗಿ ಹೊರನಾಳದ ಹೈಡ್ರೋಜನ್ ಪ್ರಮಾಣ ಏರುತ್ತದೆ. ಪವರ್ ಚೆನ್ನಾಗಿದೆ ಎಂದು ಓಡಿಸುತ್ತಲೇ ಇರುವುದು ಅಪಾಯ.

ರೆಗ್ಯುಲೇಟರ್ ಪರೀಕ್ಷೆ ಸುಲಭ. ಲೋಡ್ ಸೊನ್ನೆಯಿಂದ ಪೂರ್ತಿಗೆ ಏರಿಸುವಾಗ ಸ್ಟ್ಯಾಕ್ ಬಾಯಿಯ ಒತ್ತಡ ಕುಸಿದರೆ ಒಳಗಿನ ಫಿಲ್ಟರ್ ಕಟ್ಟಿದೆ. ಲೋಡ್ ನಿಲ್ಲಿಸಿದ ಮೇಲೆ ಒತ್ತಡ ತಾನಾಗಿ ತೆವಳುತ್ತಾ ಏರಿದರೆ ವಾಲ್ವಿನ ಆಸನ ಸವೆದಿದೆ. ಎರಡನೆಯದು ಪೊರೆಯನ್ನೇ ಹರಿಯಬಲ್ಲದು, ಆ ದಿನವೇ ಬದಲಿಸಿ.

ಹೊಸದಾಗಿ ಇಂಧನ ತುಂಬಿಸಿದ ಮೇಲೆ ಎಲ್ಲ ಸೆಲ್ಲುಗಳೂ ಸಮನಾಗಿ ಇಳಿದರೆ ಶುದ್ಧತೆ ನೋಡಿ. ಫ್ಯುಯೆಲ್ ಸೆಲ್ಲಿಗೆ ಐಎಸ್‌ಒ 14687 ಮಾನದಂಡದ ಶೇ. 99.97 ಶುದ್ಧ ಹೈಡ್ರೋಜನ್ ಬೇಕು. ಕಾರ್ಬನ್ ಮೊನಾಕ್ಸೈಡ್ ದಶಲಕ್ಷಕ್ಕೆ 0.2 ಭಾಗ, ಗಂಧಕ 0.004 ಭಾಗ ಮೀರಬಾರದು. ವೆಲ್ಡಿಂಗ್ ಅಂಗಡಿಗೆ ಹೋಗುವ ಸಿಲಿಂಡರಿಗೆ ಈ ಮಿತಿಗಳನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಒಂದು ದಿನದ ಮಟ್ಟಿಗೆ ಎಂದು ಅದನ್ನು ತುಂಬಿಸಬೇಡಿ.

ತಂಪು ಮತ್ತು ಇನ್ಸುಲೇಶನ್

ಡೀಸೆಲ್ ಎಂಜಿನ್ ತನ್ನ ಶಾಖದ ದೊಡ್ಡ ಪಾಲನ್ನು ಹೊಗೆಯಲ್ಲಿ ಹೊರಹಾಕುತ್ತದೆ. ಫ್ಯುಯೆಲ್ ಸೆಲ್ಲಿಗೆ ಆ ಅನುಕೂಲವಿಲ್ಲ, ಹೆಚ್ಚಿನದೆಲ್ಲ ಕೂಲೆಂಟಿನಲ್ಲೇ ಹೋಗಬೇಕು. ಸ್ಟ್ಯಾಕ್ ಓಡುವುದೇ 60ರಿಂದ 80 ಡಿಗ್ರಿಯಲ್ಲಿ. ಉತ್ತರ ಭಾರತದ ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇದ್ದಾಗ ರೇಡಿಯೇಟರಿಗೆ ಸಿಗುವ ಅಂತರ ತೀರಾ ಕಡಿಮೆ. ಮಧ್ಯಾಹ್ನ ಮಾತ್ರ ಪವರ್ ಇಳಿಯುತ್ತಿದೆ, ಬೆಳಗ್ಗೆ ಸಂಜೆ ಸರಿಯಿದೆ ಎಂದರೆ ಇದೇ.

ನದಿಯ ನೀರನ್ನು ಎಳೆದು ತಂಪು ಮಾಡುವ ವ್ಯವಸ್ಥೆಯಾದರೆ ಸ್ಟ್ರೈನರ್ (ಕಸ ತಡೆಯುವ ಜಾಲರಿ) ಮೊದಲು ಬಿಚ್ಚಿ. ಗಂಗೆಯಲ್ಲಾದರೆ ಚೆಂಡುಹೂವಿನ ಹಾರ, ಬಟ್ಟೆಯ ಚೂರು, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿರುತ್ತವೆ. ಹಾರದ ದಾರ ಜಾಲರಿಯ ತೂತುಗಳಲ್ಲಿ ಹೆಣೆದುಕೊಂಡು ಹೂವಿನ ಎಸಳು ಅದರ ಮೇಲೆ ಮೆತ್ತಿ ಕೂರುತ್ತದೆ. ಮೇಲಿನಿಂದ ನೀರು ಬಿಟ್ಟು ತೊಳೆದರೆ ಹೋಗದು, ದಾರವನ್ನು ಕತ್ತರಿಸಿಯೇ ತೆಗೆಯಬೇಕು. ಮಳೆಗಾಲದ ಹೂಳು ಸ್ಟ್ರೈನರ್ ದಾಟಿ, ಕೂಲೆಂಟಿನ ಶಾಖವನ್ನು ನದಿನೀರಿಗೆ ದಾಟಿಸುವ ಪ್ಲೇಟ್ ಎಕ್ಸ್‌ಚೇಂಜರಿನೊಳಗೆ ಕೂರುವುದರಿಂದ ಅದನ್ನು ಹಿಮ್ಮುಖವಾಗಿ ತೊಳೆಯಬೇಕು.

ಕೂಲೆಂಟಿನ ಇನ್ನೊಂದು ಗುಣ ವಿದ್ಯುತ್ತು ಹರಿಸದಿರುವುದು. ಅದು ನೇರವಾಗಿ ನೂರಾರು ವೋಲ್ಟಿನ ಫಲಕಗಳ ನಡುವೆ ಹರಿಯುತ್ತದೆ. ವಾಹಕತೆಯನ್ನು ಸೆಂಟಿಮೀಟರಿಗೆ 5 ಮೈಕ್ರೋಸೀಮೆನ್ಸ್ ಒಳಗೆ ಇಡುವುದು ರೂಢಿ. ಕಾರಿನ ಹಸಿರು ಕೂಲೆಂಟ್ ಒಂದು ಲೀಟರ್ ಸುರಿದರೂ ಅದರ ತುಕ್ಕುನಿರೋಧಕ ಲವಣಗಳಿಂದ ವಾಹಕತೆ ಜಿಗಿಯುತ್ತದೆ, ಅಯಾನು ಹೀರುವ ರೆಸಿನ್ ಕಾರ್ಟ್ರಿಜ್ ಸತ್ತುಹೋಗುತ್ತದೆ. ಮಾದರಿ ತೆಗೆಯುವ ಮೊದಲು ಪಂಪನ್ನು ಹತ್ತು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ಕೂಲೆಂಟಿನಲ್ಲಿ ಮೂರು ಸಲ ಗಲಬರಿಸಿ, ಬಾಯಿಗೆ ಬೆರಳು ತಾಗಿಸಬೇಡಿ. ಬೆವರಿನ ಉಪ್ಪು ಸಾಕು, ಅಂಕಿ ಸುಳ್ಳಾಗಲು.

ವಿದ್ಯುತ್ತು ಹಡಗಿನ ಒಡಲಿಗೆ ಸೋರುತ್ತಿದೆ ಎನ್ನುವ ಇನ್ಸುಲೇಶನ್ ಅಲಾರಂ ಬಂದಾಗ ಪಂಪ್ ಓಡಿಸಿದ ಮೇಲೆ ರೋಧ ಏರುತ್ತಾ ಹೋದರೆ ದೋಷ ಕೂಲೆಂಟಿನದು. ಮಂಜಿನ ಬೆಳಗ್ಗೆ ಮಾತ್ರ ಬಂದು ಬಿಸಿಲೇರಿದ ಮೇಲೆ ಹೋದರೆ ಕನೆಕ್ಟರಿನೊಳಗೆ ತೇವ. ಎರಡೂ ಅಲ್ಲವೆಂದರೆ ಕಾಂಟ್ಯಾಕ್ಟರುಗಳನ್ನು ಒಂದೊಂದಾಗಿ ತೆರೆದು ಸ್ಟ್ಯಾಕ್, ಬ್ಯಾಟರಿ, ಮೋಟಾರ್ ಡ್ರೈವ್ ಬೇರ್ಪಡಿಸಿ. ಯಾವುದನ್ನು ಬೇರ್ಪಡಿಸಿದಾಗ ರೋಧ ಸರಿಯಾಯಿತೋ ದೋಷ ಅಲ್ಲಿದೆ.

ಬ್ಯಾಟರಿಯ ತಪ್ಪಿಗೆ ಸ್ಟ್ಯಾಕಿಗೆ ಶಿಕ್ಷೆ

ಸೀ ಚೇಂಜ್ ಹಡಗಿನ ಲೆಕ್ಕ ನೋಡಿ: ಫ್ಯುಯೆಲ್ ಸೆಲ್ 360 ಕಿಲೋವ್ಯಾಟ್, ಮೋಟಾರುಗಳು ಒಟ್ಟು 600 ಕಿಲೋವ್ಯಾಟ್, ಬ್ಯಾಟರಿ 100 ಕಿಲೋವ್ಯಾಟ್-ಗಂಟೆ. ಪೂರ್ತಿ ವೇಗಕ್ಕೆ ಕೊರತೆ ಬೀಳುವ 240 ಕಿಲೋವ್ಯಾಟ್ ಬ್ಯಾಟರಿಯಿಂದಲೇ ಬರಬೇಕು. ಆ ಲೆಕ್ಕಕ್ಕೆ ಬ್ಯಾಟರಿ ಅರ್ಧ ಗಂಟೆಯೂ ಬಾರದು. ಬ್ಯಾಟರಿ ಮುದಿಯಾಗಿದ್ದರೆ ಚಾಲಕ ಥ್ರಾಟಲ್ ಎಳೆದಾಗಿನ ಹೊಡೆತವೆಲ್ಲ ಸ್ಟ್ಯಾಕಿನ ಮೇಲೆ ಬೀಳುತ್ತದೆ. ಗಾಳಿಯ ಬ್ಲೋವರ್ ವೇಗ ಹೆಚ್ಚಿಸಿಕೊಳ್ಳಲು ಸೆಕೆಂಡುಗಳು ಬೇಕು, ಕರೆಂಟ್ ಕೇಳುವುದು ಮಿಲಿಸೆಕೆಂಡಿನಲ್ಲಿ. ವೋಲ್ಟೇಜ್ ಕುಸಿದು ಟ್ರಿಪ್. ಪರದೆಯ ಮೇಲೆ 'ಸ್ಟ್ಯಾಕ್ ವೋಲ್ಟೇಜ್ ಕಡಿಮೆ' ಎಂದು ಬರುತ್ತದೆ. ಟ್ರಿಪ್ ಯಾವಾಗಲೂ ಜೆಟ್ಟಿ ಬಿಡುವಾಗ ಅಥವಾ ರಿವರ್ಸ್ ಹಾಕುವಾಗ ಆಗುತ್ತಿದ್ದರೆ ಬ್ಯಾಟರಿಯ ಒಳರೋಧ ಮತ್ತು ಡಿಸಿ ಕನ್ವರ್ಟರಿನ ಏರಿಕೆ ಮಿತಿ (ಸ್ಟ್ಯಾಕಿನಿಂದ ಎಳೆಯುವ ಕರೆಂಟ್ ಎಷ್ಟು ಬೇಗ ಏರಬಹುದು ಎಂಬ ಮಿತಿ) ಪರೀಕ್ಷಿಸಿ.

ಸೋರಿಕೆ ಅಲಾರಂ

ಅಲಾರಂ ಬಂದರೆ ಮೊದಲು ನಿಜವೆಂದೇ ನಂಬಿ: ಜನರನ್ನು ಇಳಿಸಿ, ಇಂಧನ ಮುಚ್ಚಿ, ವೆಂಟಿಲೇಶನ್ ಓಡುತ್ತಲೇ ಇರಲಿ. ಹೊತ್ತಿಕೊಳ್ಳುವ ಕನಿಷ್ಠ ಮಟ್ಟದ ಶೇ. 20, ಅಂದರೆ ಗಾಳಿಯಲ್ಲಿ ಶೇ. 0.8 ಹೈಡ್ರೋಜನ್ ಇದ್ದಾಗ ಎಚ್ಚರಿಕೆ, ಶೇ. 40 ಮಟ್ಟಕ್ಕೆ ಬಂದ್ ಎನ್ನುವುದು ಸಾಮಾನ್ಯ ಹೊಂದಿಕೆ.

ಸೋರಿಕೆ ಸಿಗಲಿಲ್ಲವೆಂದರೆ ಬ್ಯಾಟರಿ ಕೋಣೆ ನೋಡಿ. ಸೀಸ-ಆಮ್ಲದ ಬ್ಯಾಟರಿ ಅತಿಯಾಗಿ ಚಾರ್ಜ್ ಆದಾಗ ಹೈಡ್ರೋಜನ್ ಬಿಡುತ್ತದೆ. ಹ್ಯಾಂಬರ್ಗ್‌ನಲ್ಲಿ 2008ರಿಂದ ಓಡಿದ 'ಆಲ್ಸ್ಟರ್‌ವಾಸರ್' ದೋಣಿಗೆ 2010ರಲ್ಲಿ ಬೆಂಕಿ ಬಿದ್ದದ್ದು ಅದರ ಸೀಸದ ಬ್ಯಾಟರಿಗಳು ಕಾದು. ಹೈಡ್ರೋಜನ್ ಟ್ಯಾಂಕು ಮತ್ತು ಫ್ಯುಯೆಲ್ ಸೆಲ್ಲಿಗೆ ಏನೂ ಆಗಲಿಲ್ಲ. ಕಾರ್ಬನ್ ಮೊನಾಕ್ಸೈಡ್ ಸೆನ್ಸರುಗಳು ಹೈಡ್ರೋಜನ್ನಿಗೂ ಸ್ಪಂದಿಸುತ್ತವೆ. ಇತ್ತೀಚೆಗೆ ಯಾರಾದರೂ ಅದೇ ಕೋಣೆಯಲ್ಲಿ ಸಿಲಿಕೋನ್ ಸೀಲೆಂಟ್ ಹಚ್ಚಿದ್ದರೆ ಇನ್ನೂ ಜಾಗ್ರತೆ ಬೇಕು. ಅದರ ಆವಿ ಕೆಟಲಿಟಿಕ್ ಸೆನ್ಸರನ್ನು ಮಂದ ಮಾಡುತ್ತದೆ. ಸೆನ್ಸರ್ ಸುಳ್ಳು ಕೂಗುವುದಕ್ಕಿಂತ ಕೂಗದೆ ಸುಮ್ಮನಿರುವುದು ದೊಡ್ಡ ಅಪಾಯ. ಪರೀಕ್ಷಾ ಅನಿಲ ಹಾಯಿಸಿ ನೋಡದೆ ಅದನ್ನು ನಂಬಬೇಡಿ.

"ರಾತ್ರಿಯಲ್ಲಿ ಟ್ಯಾಂಕ್ ಒತ್ತಡ 12 ಬಾರ್ ಇಳಿದಿದೆ, ಸೋರುತ್ತಿದೆ" ಎಂಬ ದೂರಿಗೆ ಉಷ್ಣತೆ ಕೇಳಿ. ಸಂಜೆ 35 ಡಿಗ್ರಿಯಲ್ಲಿ 250 ಬಾರ್ ಇದ್ದದ್ದು ಬೆಳಗ್ಗೆ ಟ್ಯಾಂಕ್ 20 ಡಿಗ್ರಿಗೆ ತಣಿದಾಗ ಸುಮಾರು 238 ಬಾರ್ ಆಗುತ್ತದೆ, ಒಂದು ಗ್ರಾಂ ಸೋರದೆಯೇ. ಉಷ್ಣತೆ ಸರಿಹೊಂದಿಸಿದ ಮೇಲೂ ಉಳಿಯುವ ಇಳಿತಕ್ಕೆ ಮಾತ್ರ ಸಾಬೂನು ನೀರು ಹಿಡಿದು ಜೋಡಣೆಗಳಿಗೆ ಹೋಗಿ.

ದ್ರವ ಹೈಡ್ರೋಜನ್ ಹಡಗಾದರೆ ಒಂದು ಮಾತು. 2023ರಿಂದ ದ್ರವದ ಮೇಲೆ ಓಡುತ್ತಿರುವ ಹೈಡ್ರಾ ಹಡಗಿನ ಟ್ಯಾಂಕ್ 80 ಘನ ಮೀಟರಿನದು, ಒಳಗೆ ಮೈನಸ್ 253 ಡಿಗ್ರಿ. ಇಂಥ ಟ್ಯಾಂಕಿನ ಅಥವಾ ಪೈಪಿನ ಹೊರಮೈಯಲ್ಲಿ ಒಂದೇ ಜಾಗದಲ್ಲಿ ಹಿಮ ಕಟ್ಟಿದರೆ ಅಲ್ಲಿನ ನಿರ್ವಾತ ಪದರ ಹೋಗಿದೆ. ಬರಿಯ ಲೋಹ ತೀರಾ ತಣಿದರೆ ಗಾಳಿಯೇ ದ್ರವವಾಗಿ ತೊಟ್ಟಿಕ್ಕುತ್ತದೆ, ಆ ಹನಿಯಲ್ಲಿ ಆಮ್ಲಜನಕದ ಪಾಲು ಹೆಚ್ಚು. ಅದರ ಕೆಳಗೆ ಎಣ್ಣೆ, ಬಣ್ಣ, ಮರ ಇರಕೂಡದು.

ನಿಜವಾಗಿಯೂ ಸ್ಟ್ಯಾಕೇ ಆದರೆ

ಮೇಲಿನದೆಲ್ಲ ಸರಿಯಿದ್ದೂ ಒಂದೆರಡು ಸೆಲ್ ಲೋಡ್ ಇಲ್ಲದೆಯೂ ಕೆಳಗಿದ್ದರೆ ಪೊರೆ ತೂತಾಗಿರಬಹುದು. ಸ್ಟ್ಯಾಕ್ ತಣಿಸಿ, ಎರಡೂ ಬದಿಗೆ ನೈಟ್ರೋಜನ್ ಹಾಯಿಸಿ, ಗಾಳಿ ಬದಿಯ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸಣ್ಣ ಕೊಳವೆ ಸಿಕ್ಕಿಸಿ ಲೋಟದ ನೀರಿನಲ್ಲಿ ಅದ್ದಿ. ಹೈಡ್ರೋಜನ್ ಬದಿಗೆ ತಯಾರಕರು ಹೇಳಿದ ಪರೀಕ್ಷಾ ಒತ್ತಡದಷ್ಟು ನೈಟ್ರೋಜನ್ ಕೊಡಿ. ಮೊದಲ ನಿಮಿಷದ ಗುಳ್ಳೆಗಳನ್ನು ಬಿಟ್ಟು ಆಮೇಲೆ ಎಣಿಸಿ. ಆಗೊಂದು ಈಗೊಂದು ಗುಳ್ಳೆ ಬಂದರೆ ಅದು ಪೊರೆಯ ಸಹಜ ಜಿನುಗು. ಬಿಡದೆ ಸಾಲಾಗಿ ಬಂದರೆ ತೂತು.

ದುರಸ್ತಿ ಯಾವುದೇ ಇರಲಿ, ಮುಗಿದ ಮೇಲೆ ಲೋಡನ್ನು ಶೇ. 25, 50, 75, 100ರಲ್ಲಿ ತಲಾ 20 ನಿಮಿಷ ನಿಲ್ಲಿಸಿ. ಸೆಲ್‌ವಾರು ವೋಲ್ಟೇಜ್, ಗಾಳಿಯ ಒತ್ತಡದ ವ್ಯತ್ಯಾಸ, ಕೂಲೆಂಟಿನ ಎರಡು ಉಷ್ಣತೆ, ವಾಹಕತೆ, ಟ್ಯಾಂಕ್ ಒತ್ತಡ ಬರೆದಿಡಿ. ಅದರ ಒಂದು ಪ್ರತಿ ಹಡಗಿನಲ್ಲಿ, ಇನ್ನೊಂದು ದಡದ ಕಚೇರಿಯಲ್ಲಿ ಇರಲಿ.